ಬೆರಳು ತಾಗುವ ಮೊದಲು

ಬೆಡ್‌ಶೀಟು ಮತ್ತೆ ನೆಲಕ್ಕೆ ಬಿತ್ತು.

ಪೂರ್ತಿಯೇನೂ ಬೀಳಲಿಲ್ಲ. ಒಂದು ಮೂಲೆ, ಅಷ್ಟೆ. ಗೇಣಗಲ ಬಟ್ಟೆ ನೆಲಕ್ಕೆ ಸೋಕಿತು. ಆದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಗೇಣೂ ಒಂದೇ, ಮಾರೂ ಒಂದೇ. ನೆಲ ಮುಟ್ಟಿದ ಬಟ್ಟೆ ರೋಗಿಯ ಮೈ ಮುಟ್ಟುವಂತಿಲ್ಲ. ಒಗೆದು, ಹಿಂಡಿ, ಒಣಗಿಸಿ, ಬಿಸಿ ರೋಲರಿನ ಅಡಿಯಿಂದ ಇಸ್ತ್ರಿಯಾಗಿ ಬಂದದ್ದು ಮತ್ತೆ ಕೊಳೆ ಬಟ್ಟೆಯ ಕೆಂಪು ಚೀಲಕ್ಕೆ ಹೋಗಬೇಕು.

ಆ ತುದಿಯಿಂದ ಮೇಸ್ತ್ರಿ ಯಾರದು ಬೀಳಿಸಿದ್ದು ಎಂದು ಕೂಗಿದ. ಕೇಳುವ ಅಗತ್ಯವೇ ಇರಲಿಲ್ಲ. ಬೀಳುವುದು ಯಾವ ಮೇಜಿನ ಹತ್ತಿರ ಎಂದು ಅವನಿಗೂ ಗೊತ್ತಿತ್ತು, ರೋಲರಿನ ಮುಂದೆ ನಿಂತವರಿಗೂ ಗೊತ್ತಿತ್ತು. ಉದ್ದಕ್ಕನ ಮೇಜು.

"ನನ್ನದೇ ತಪ್ಪು ಬಿಡಿ ಮೇಸ್ತ್ರಿ. ಪಾಪ, ಅವಳನ್ನ ಯಾಕೆ ಬೈತೀರ" ಎಂದಳು ಎದುರಿಗಿದ್ದ ಬೆಣ್ಣೆಯಕ್ಕ.

ತಪ್ಪು ನಿಜವಾಗಿಯೂ ಅವಳದೇ. ಆದರೆ ಅವಳು ಹೇಳಿದ ಚಂದಕ್ಕೆ ಅದು ಅವಳದಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು. ಎಂಥ ಮನಸ್ಸು ನೋಡಿ, ಬೇರೆಯವರ ತಪ್ಪನ್ನೂ ತನ್ನ ತಲೆಗೆ ಕಟ್ಟಿಕೊಳ್ಳುತ್ತಾಳೆ ಎಂದು ರೋಲರಿನ ಹೆಂಗಸರು ಮಾತಾಡಿಕೊಂಡರು. ಉದ್ದಕ್ಕ ಬಗ್ಗಿ ಬಟ್ಟೆ ಎತ್ತಿದಳು. ಕೆಂಪು ಚೀಲಕ್ಕೆ ತುರುಕಿದಳು.

ಬೆಡ್‌ಶೀಟು ಮಡಿಸುವುದು ಇಬ್ಬರ ಕೆಲಸ. ಇಬ್ಬರು ಎದುರುಬದುರು ನಿಲ್ಲಬೇಕು. ತಲಾ ಎರಡು ಮೂಲೆ ಹಿಡಿಯಬೇಕು. ಝಾಡಿಸಿ, ಬಿಗಿಯಾಗಿ ಎಳೆದು, ಉದ್ದಕ್ಕೆ ಒಂದು ಮಡಿಕೆ ಹಾಕಬೇಕು. ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ನಡುವೆ ಬಂದಾಗ ಒಬ್ಬಳು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಡುತ್ತಾಳೆ. ಕೊಡುವಾಗ ಬೆರಳಿಗೆ ಬೆರಳು ತಾಗುತ್ತದೆ. ತಾಗಲೇಬೇಕು. ತಾಗದೆ ಕೊಡುವುದಕ್ಕೆ ಅದೇನು ಗಾಳಿಯಲ್ಲಿ ತೂರುವ ಚೆಂಡೇ?

ಬೆಣ್ಣೆಯಕ್ಕ ತಾಗುವ ಮೊದಲು ಬಿಡುತ್ತಿದ್ದಳು. ರೆಪ್ಪೆ ಮಿಟುಕಿಸುವಷ್ಟು ಮೊದಲು. ಉದ್ದಕ್ಕ ಕೈ ಮುಂದೆ ಚಾಚಿ ಹಿಡಿದುಕೊಂಡರೆ ಉಳಿಯಿತು, ಇಲ್ಲವಾದರೆ ನೆಲಕ್ಕೆ. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಒಂದೊಂದು ಬೆಡ್‌ಶೀಟಿಗೂ ಹೀಗೆ ನೆಗೆದು ಹಿಡಿಯುವುದೆಂದರೆ ಏನು ಎಂದು ಮಾಡಿದವರಿಗೇ ಗೊತ್ತು. ಸಂಜೆಗೆ ಅವಳ ಹೆಗಲು ಕಲ್ಲಾಗುತ್ತಿತ್ತು. ಎಲ್ಲರೂ ಮಾಡುವ ಕೆಲಸವನ್ನೇ ಅವಳು ಮಾಡುತ್ತಿದ್ದಳು. ಆದರೆ ಅವಳಿಗೆ ಮಾತ್ರ ಅದು ದುಪ್ಪಟ್ಟಾಗಿತ್ತು. ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಣ್ಣಿಗೆ ಬೀಳುತ್ತಿದ್ದದ್ದು ನೆಲಕ್ಕೆ ಬಿದ್ದ ಬಟ್ಟೆ ಒಂದೇ.

ಲಾಂಡ್ರಿಯ ನಡುವೆ ಒಂದು ಗೋಡೆ. ಗೋಡೆಯೊಳಗೆ ಕೂರಿಸಿದ ದೊಡ್ಡ ದೊಡ್ಡ ಒಗೆಯುವ ಮೆಷಿನ್ನುಗಳು. ಒಂದೊಂದಕ್ಕೂ ಎರಡು ಬಾಗಿಲು. ಆಚೆ ಕಡೆಯಿಂದ ಕೊಳೆ ಬಟ್ಟೆ ತುಂಬುತ್ತಾರೆ. ಈಚೆ ಕಡೆಯಿಂದ ಶುಭ್ರ ಬಟ್ಟೆ ತೆಗೆಯುತ್ತಾರೆ. ಕೊಳೆಗೂ ಶುಭ್ರಕ್ಕೂ ಗಾಳಿಯ ಸಂಬಂಧವೂ ಇರಬಾರದು ಎಂದು ಆ ಏರ್ಪಾಡು. ಬಟ್ಟೆಯ ಮಟ್ಟಿಗೆ ಅದು ಸರಿ. ಆದರೆ ಗೋಡೆ ಬಟ್ಟೆಯ ಮಟ್ಟಿಗೆ ನಿಲ್ಲಲಿಲ್ಲ. ಆಚೆ ಇದ್ದವರೆಲ್ಲ ದಂಡೆಯವರು. ಈಚೆ ಇದ್ದವರಲ್ಲಿ ಒಬ್ಬರೂ ದಂಡೆಯವರಲ್ಲ, ಉದ್ದಕ್ಕ ಬರುವ ತನಕ.

ದಂಡೆಯವರೆಂದರೆ ಊರಿನ ದೊಡ್ಡ ಮೋರಿಯ ದಂಡೆಗೆ ಮನೆ ಕಟ್ಟಿಕೊಂಡವರು. ಅವರ ಅಜ್ಜಂದಿರು ಆ ಮೋರಿ ಬಳಿದವರು. ಈಗ ಮೋರಿಯ ಮೇಲೆ ಕಾಂಕ್ರೀಟು ಮುಚ್ಚಿದೆ, ಮೇಲೆ ಕಾರು ಓಡಾಡುತ್ತದೆ, ಮೋರಿ ಇದೆಯೆಂದೇ ಹೊಸಬರಿಗೆ ಗೊತ್ತಾಗುವುದಿಲ್ಲ. ದಂಡೆಯವರು ಮಾತ್ರ ಎಲ್ಲರಿಗೂ ಗೊತ್ತಾಗುತ್ತಾರೆ. ಎಲ್ಲಿ ಮನೆ ಎಂದು ಒಂದು ಮಾತು ಕೇಳಿದರೆ ಸಾಕು, ಕೇಳಿದವರ ಮುಖ ಒಂದು ಗಳಿಗೆ ನಿಂತು ಮತ್ತೆ ನಗುತ್ತದೆ.

ಆಚೆ ಕಡೆಯ ಕೆಲಸ ಏನೆಂದು ಹೇಳಿಯೇ ಬಿಡಬೇಕು. ವಾರ್ಡುಗಳಿಂದ ಬರುವ ಚೀಲ ಬಿಚ್ಚಬೇಕು. ರಕ್ತದ್ದು ಬೇರೆ, ಮಲಮೂತ್ರದ್ದು ಬೇರೆ, ಕೀವಿನದ್ದು ಬೇರೆ ಮಾಡಬೇಕು. ಗಟ್ಟಿಯಾಗಿ ಅಂಟಿದ್ದನ್ನು ಕೆರೆದು ಹಾಕಬೇಕು. ಮಡಿಕೆಯೊಳಗೆ ಸೂಜಿ ಇರುತ್ತದೆ, ಕತ್ತರಿ ಇರುತ್ತದೆ. ಒಂದು ಸಲ ಒಂದು ಹಲ್ಲಿನ ಸೆಟ್ಟೇ ಬಂದಿತ್ತು. ಅದರಿಂದ ಯಾರು ಕಚ್ಚಿಸಿಕೊಂಡರು ಎಂದು ಹೆಂಗಸರು ವಾರವಿಡೀ ನಕ್ಕಿದ್ದರು. ನಗದಿದ್ದರೆ ಬದುಕುವುದು ಹೇಗೆ? ಬ್ಲೀಚಿಂಗ್ ಹೊಗೆಗೆ ಕೆಮ್ಮು ಬರುತ್ತದೆ. ಹೋಗುವುದಿಲ್ಲ. ಉದ್ದಕ್ಕನ ಅಮ್ಮ ಆಯುಷ್ಯವೆಲ್ಲ ಅಲ್ಲಿಯೇ ಬಟ್ಟೆ ಬೇರ್ಪಡಿಸಿದವಳು, ಈಗಲೂ ಅಲ್ಲಿಯೇ ಇದ್ದವಳು. ಅವಳ ಕೈಯ ಚರ್ಮ ಒಣಗಿ, ಬಿರಿದು, ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು.

ಉದ್ದಕ್ಕನೂ ಅಲ್ಲಿಯೇ ಸೇರಿದ್ದಳು. ಅವಳನ್ನು ಈಚೆಗೆ ತಂದದ್ದು ಯಾರ ದೊಡ್ಡ ಮನಸ್ಸೂ ಅಲ್ಲ, ಅವಳ ಎತ್ತರ. ಆಪರೇಷನ್ ಕೋಣೆಗೆ ಅಗಲದ ಬೆಡ್‌ಶೀಟು ತರಿಸಿದರು. ಈಚೆಯ ಹೆಂಗಸರು ಕೈ ಎತ್ತಿದರೂ ಬಟ್ಟೆ ನೆಲ ಗುಡಿಸುತ್ತಿತ್ತು. ಮೇಸ್ತ್ರಿ ತಲೆ ಕೆಟ್ಟು, ಆಚೆ ಒಂದು ತೆಂಗಿನಮರ ಇದೆಯಲ್ಲ, ಅದನ್ನು ಕರೆಯಿರಿ ಎಂದ. ಮೇಸ್ತ್ರಿ ಸಿಡುಕ. ಬೈಯದೆ ಅವನಿಗೆ ಉಸಿರಾಡಲು ಬರುತ್ತಿರಲಿಲ್ಲ. ಆದರೆ ಬೈಗುಳದಲ್ಲಿ ಅವನಿಗೆ ಮೇಲು ಕೀಳು ಇರಲಿಲ್ಲ, ಸಿಕ್ಕಿದವರಿಗೆಲ್ಲ ಸಮನಾಗಿ ಹಂಚುತ್ತಿದ್ದ. ಮೊದಲ ವಾರವೇ ಬಿಸಿಲಲ್ಲಿ ಎಲ್ಲಿಗೋ ಹೋಗಿ ಬಂದವನು ಮೇಜಿನ ಮೇಲಿದ್ದ ಉದ್ದಕ್ಕನ ನೀರಿನ ಬಾಟಲಿ ಎತ್ತಿ, ಬಾಯಿಗೆ ಕಚ್ಚಿ, ಗಟಗಟ ಕುಡಿದು, ನೀರು ಬಿಸಿಯಾಗಿದೆ ಎಂದು ಅದಕ್ಕೂ ಬೈದಿದ್ದ. ಉದ್ದಕ್ಕನಿಗೆ ಅವತ್ತು ಕಣ್ಣು ತುಂಬಿ ಬಂದಿತ್ತು.

ಬೆಣ್ಣೆಯಕ್ಕನದು ಬೇರೆಯೇ ಜಾಯಮಾನ. ಹೆಸರಿಗೆ ತಕ್ಕ ಹಾಗೆ ಮೆತ್ತಗೆ. ಯಾರಿಗೂ ಗದರಿದವಳಲ್ಲ. ಯಾರ ಮಗುವಿಗೆ ಜ್ವರ, ಯಾರ ಗಂಡ ಕುಡಿದು ಬಂದ, ಎಲ್ಲ ಅವಳಿಗೆ ಬೇಕು, ಎಲ್ಲದಕ್ಕೂ ಅವಳ ಕಣ್ಣಲ್ಲಿ ನೀರು. ಉದ್ದಕ್ಕ ಈಚೆ ಬಂದ ದಿನ ಮೊದಲು ಬಂದು ಮಾತಾಡಿಸಿದವಳೂ ಅವಳೇ. ನನಗೆ ಈ ಭೇದ ಗೀದ ಎಲ್ಲ ಆಗುವುದಿಲ್ಲ ಕಣೆ, ಮನುಷ್ಯರು ಮನುಷ್ಯರೇ ಎಂದಿದ್ದಳು. ತನ್ನ ಹಳೆಯ ಸ್ವೆಟರು ತಂದುಕೊಟ್ಟಿದ್ದಳು. ಸ್ವೆಟರಿನ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ತೂಗಾಡಿಸಿ ಕೊಟ್ಟದ್ದು ಉದ್ದಕ್ಕನಿಗೆ ಆಮೇಲೆ ಹೊಳೆಯಿತು.

ಮೊದಮೊದಲು ಉದ್ದಕ್ಕ ತನ್ನನ್ನೇ ಬೈದುಕೊಂಡಳು. ನನ್ನ ಕೈ ನಿಧಾನ ಎಂದುಕೊಂಡಳು. ಬೇಗ ಬೇಗ ಹೆಜ್ಜೆ ಹಾಕಿದಳು. ಬೆಣ್ಣೆಯಕ್ಕ ಅಷ್ಟೇ ಬೇಗ ಹಿಂದೆ ಸರಿದಳು. ಬೆವರಿನ ಕೈ ಇರಬಹುದು ಎಂದು ಉದ್ದಕ್ಕ ಗಳಿಗೆಗೊಮ್ಮೆ ಸೋಪು ಹಾಕಿ ತೊಳೆದಳು. ಉಗುರು ಬುಡದವರೆಗೂ ಕತ್ತರಿಸಿದಳು. ಒಂದು ದಿನ ಬೆಣ್ಣೆಯಕ್ಕ ರೋಲರಿನ ಹೆಂಗಸಿನ ಜೊತೆ ಮಡಿಸುವುದನ್ನು ನಿಂತು ನೋಡಿದಳು. ಮೂಲೆ ಕೈಗೆ ಬಂತು, ಬೆರಳು ಬೆರಳು ಹೆಣೆದುಕೊಂಡವು, ಇಬ್ಬರೂ ಏನೋ ಹೇಳಿಕೊಂಡು ನಕ್ಕರು. ಒಂದೂ ಬೀಳಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

ಉದ್ದಕ್ಕನಿಗೆ ಸಿಟ್ಟು ಬಂತು. ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ದೂರ ನಿಲ್ಲು ಎಂದಿದ್ದರೆ ಯಾಕೆ ನಿಲ್ಲಲಿ ಎಂದು ಕೇಳಬಹುದಿತ್ತು. ಇವಳು ಊಟವಾಯಿತಾ ಎಂದು ಕೇಳುತ್ತಾಳೆ. ನಗುತ್ತಾಳೆ. ನಗುತ್ತಲೇ ಬಿಡುತ್ತಾಳೆ. ಬಿಡುವುದು ಅವಳಿಗೇ ಗೊತ್ತಿದೆಯೋ ಇಲ್ಲವೋ. ಗೊತ್ತಿಲ್ಲದಿದ್ದರೆ ಇನ್ನೂ ಕಷ್ಟ. ಯಾರ ಜೊತೆ ಜಗಳ ಆಡಬೇಕು, ಐದು ಬೆರಳಿನ ಜೊತೆಯೇ?

ಮೇಸ್ತ್ರಿಗೆ ಹೇಳಿದಳು. ಅವನು, ಹೆಂಗಸರ ಕೈ ಹಿಡಿದು ನೋಡುವುದೊಂದು ಬಾಕಿ ಇತ್ತು ನನಗೆ ಎಂದು ಬೈದು ಕಳಿಸಿದ. ಆದರೆ ಕೆಂಪು ಚೀಲ ತುಂಬುವುದು ನಿಲ್ಲಲಿಲ್ಲ. ಮಾತು ಆಫೀಸಿಗೆ ಮುಟ್ಟಿತು. ಆಫೀಸಿನವರು ಒಬ್ಬ ಮೇಡಂ ಕರೆಸಿದರು. ಜನರ ಸ್ವಭಾವ ತಿಳಿದು, ಯಾರನ್ನು ಯಾವ ಕೆಲಸಕ್ಕೆ ಹಾಕಿದರೆ ಸರಿ, ಯಾರಲ್ಲಿ ಭೇದಭಾವ ಇದೆ ಇಲ್ಲ ಎಂದು ಹೇಳುವುದು ಅವರ ಉದ್ಯೋಗವಂತೆ. ಬಂದ ಗಳಿಗೆಯಿಂದ ಎಲ್ಲರೂ ಅವರನ್ನು ಸ್ವಭಾವದ ಮೇಡಂ ಎಂದೇ ಕರೆದರು.

ಉದ್ದಕ್ಕನಿಗೆ ನಿಜವಾಗಿಯೂ ಸಂತೋಷವಾಯಿತು. ಓದಿದವರು ಬಂದಿದ್ದಾರೆ, ಇನ್ನು ಸತ್ಯ ಹೊರಗೆ ಬೀಳುತ್ತದೆ ಎಂದುಕೊಂಡಳು. ಆ ಸಂತೋಷ ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೊಲಿಗೆ ಕೋಣೆಯಲ್ಲಿ ಎರಡು ಕುರ್ಚಿ ಹಾಕಿ ಮೇಡಂ ಒಬ್ಬೊಬ್ಬರನ್ನೇ ಕರೆದರು. ಬೆಣ್ಣೆಯಕ್ಕ ಹೋಗಿ ಬಹಳ ಹೊತ್ತು ಇದ್ದು, ಕಣ್ಣೊರೆಸಿಕೊಂಡು ಹೊರಗೆ ಬಂದಳು. ಎಷ್ಟು ಒಳ್ಳೆಯವರು ಗೊತ್ತಾ, ಅಕ್ಕನ ಹಾಗೆ ಮಾತಾಡಿಸಿದರು ಎಂದಳು.

ಉದ್ದಕ್ಕನ ಸರದಿ ಬಂತು. ಮೇಡಂ ಕೆಟ್ಟವರೇನಲ್ಲ. ಕೂತ್ಕೊಳ್ಳಿ ಎಂದರು. ಯಾರೂ ಅವಳಿಗೆ ಹಾಗೆ ಹೇಳಿದ್ದಿಲ್ಲ. ಹೊಸಬರ ಜೊತೆ ಬೇಗ ಹೊಂದಿಕೊಳ್ಳುತ್ತೀರಾ ಎಂದು ಕೇಳಿದರು. ಹೊಸಬರು ಮೊದಲು ಮನೆ ಎಲ್ಲಿ ಎಂದು ಕೇಳುತ್ತಾರಲ್ಲ, ಅದಕ್ಕೆ ಉದ್ದಕ್ಕ ಇಲ್ಲ ಎಂದಳು. ಜನರನ್ನು ನಂಬುತ್ತೀರಾ ಎಂದರು. ನೋಡಿ ನಂಬುತ್ತೇನೆ ಎಂದಳು. ಸಿಟ್ಟು ಬೇಗ ಬರುತ್ತದೆಯೇ ಎಂದರು. ಬರುತ್ತದೆ ಎಂದಳು. ಸುಳ್ಳು ಯಾಕೆ ಹೇಳಬೇಕು? ಒಂದೊಂದು ಉತ್ತರಕ್ಕೂ ಮೇಡಂ ಮೆಲ್ಲಗೆ ತಲೆಯಾಡಿಸಿದರು. ಹೀಗೆ ಸತ್ಯ ಹೇಳಿಕೊಂಡೇ ಅವಳು ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುತ್ತಿದ್ದಳು.

"ರಕ್ತ, ಹೊಲಸು, ಕೆಟ್ಟ ವಾಸನೆ, ಇಂಥದ್ದು ಕಂಡ್ರೆ ನಿಮಗೆ ಅಸಹ್ಯ ಆಗುತ್ತಾ?" ಎಂದು ಕೇಳಿದರು.

ದಂಡೆಯ ಮಕ್ಕಳಿಗೆ ಮಾತು ಬರುವ ಮೊದಲೇ ಕಲಿಸುವ ಪಾಠ ಒಂದಿದೆ. ಮೂಗು ಮುರಿಯಬಾರದು. ಮುರಿದರೆ ಅಮ್ಮಂದಿರು ಮೂಗಿನ ಮೇಲೆ ಬೆರಳಲ್ಲಿ ಚಿಮ್ಮುತ್ತಾರೆ. ಹೇಸಿಕೆ ತೋರಿಸಿದವರಿಗೆ ಕೆಲಸ ಇಲ್ಲ, ಕೆಲಸ ಇಲ್ಲದವರಿಗೆ ಕೂಳಿಲ್ಲ. ಆಚೆ ಕಡೆ ಸೇರಿದ ಮೊದಲ ದಿನ ಒಂದು ಚೀಲ ಬಿಚ್ಚಿದಾಗ ಉದ್ದಕ್ಕನಿಗೆ ವಾಂತಿ ಬಾಯಿಗೇ ಬಂದಿತ್ತು. ಮೇಸ್ತ್ರಿ ಎದುರಿಗಿದ್ದ. ಅವಳು ತುಟಿ ಬಿಗಿದು ಬಂದದ್ದನ್ನು ಹಾಗೆಯೇ ನುಂಗಿಕೊಂಡಿದ್ದಳು. ಅವಳ ಪಾಲಿಗೆ ಅದು ದೊಡ್ಡ ಗೆಲುವು.

"ಇಲ್ಲ ಮೇಡಂ. ನಂಗೇನೂ ಅನ್ಸಲ್ಲ" ಎಂದಳು. ಹೆಮ್ಮೆಯಿಂದಲೇ ಹೇಳಿದಳು.

ಆಮೇಲೆ ಅವಳು ಕೈಯ ವಿಷಯ ಎತ್ತಿದಳು. ಎದ್ದು ನಿಂತು ತೋರಿಸಿದಳು, ಹೀಗೆ ಬರುತ್ತಾಳೆ, ಹೀಗೆ ಬಿಡುತ್ತಾಳೆ ಎಂದು. ಮೇಡಂ ಸಮಾಧಾನದಿಂದ ಕೇಳಿದರು. ಅವರು ನಿಮಗೆ ಯಾವತ್ತಾದರೂ ಕೆಟ್ಟ ಮಾತು ಹೇಳಿದ್ದಾರಾ ಎಂದರು. ಇಲ್ಲ. ದೂರ ಕೂರಿಸಿದ್ದಾರಾ? ಇಲ್ಲ. ಸ್ವೆಟರ್ ಕೊಟ್ಟರಂತೆ? ಕೊಟ್ಟರು.

ಮೇಡಂ ವಿವರಿಸಿ ಹೇಳಿದರು. ಕೆಲವರ ಸ್ವಭಾವವೇ ಹಾಗಿರುತ್ತದೆ, ಹಠ, ಮುಂಗೋಪ, ಹೊಸದನ್ನು ಕಂಡರೆ ಆಗದಿರುವುದು, ಯಾರ ಮೇಲೂ ನಂಬಿಕೆ ಇಲ್ಲದಿರುವುದು. ಬೇರೆಯವರನ್ನು ಕೀಳಾಗಿ ಕಾಣುವ ಗುಣ ಅಂಥವರಲ್ಲಿ ಹೆಚ್ಚು. ಮೃದು ಮನಸ್ಸಿನವರಲ್ಲಿ, ಇನ್ನೊಬ್ಬರ ನೋವಿಗೆ ಕರಗುವವರಲ್ಲಿ ಕಡಿಮೆ. ಮೇಡಂನಂಥವರೆಲ್ಲ ಅದನ್ನು ಓದಿ, ಸಾವಿರಾರು ಜನರನ್ನು ಕೇಳಿ ತಿಳಿದುಕೊಂಡದ್ದಂತೆ. ಬೆಣ್ಣೆಯಕ್ಕನಲ್ಲಿ ಅಂಥ ಒಂದು ಎಳೆಯೂ ಇಲ್ಲ.

"ಬೇಜಾರು ಮಾಡ್ಕೋಬೇಡಿ. ಅನುಮಾನ ನಿಮ್ಮಲ್ಲೇ ಸ್ವಲ್ಪ ಜಾಸ್ತಿ ಇದೆ" ಎಂದರು.

ಉದ್ದಕ್ಕ ಕೂಗಿದರೆ, ನೋಡಿ ಮುಂಗೋಪ ಎನ್ನುತ್ತಾರೆ. ಒಪ್ಪದಿದ್ದರೆ ಹಠ. ನಕ್ಕು ಎದ್ದು ಹೋದರೆ, ಹಾಗಾದರೆ ಏನೂ ಇರಲಿಲ್ಲ ಎಂದಾಗುತ್ತದೆ. ಯಾವ ಕಡೆ ಹೊರಳಿದರೂ ಅದೇ ಗೋಡೆ. ಅವಳು ಕುರ್ಚಿಯಿಂದ ಎದ್ದಳು. ಏಳುವಾಗ ಕುರ್ಚಿ ಜೋರಾಗಿ ಸದ್ದು ಮಾಡಿತು. ಮೇಡಂ ಅದನ್ನೂ ಗಮನಿಸಿದರು.

ಮೇಡಂ ಹೇಳಿದ್ದು ಪೂರ್ತಿ ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ, ಅದೇ ಅವಳ ಸಂಕಟ. ಅಂಥವರನ್ನು ಅವಳು ಕಂಡಿದ್ದಳು. ಗೇಟಿನ ಕಾವಲಿನವನು ಇದ್ದನಲ್ಲ, ದಂಡೆಯವರ ಚೀಲ ಕೋಲಿನಲ್ಲಿ ಕೆದಕಿ ನೋಡುವವನು, ಅವನು ಮೇಡಂ ಹೇಳಿದ ಅಚ್ಚಿಗೆ ಸರಿಯಾಗಿ ಕೂರುತ್ತಿದ್ದ. ಆದರೆ ಮೇಸ್ತ್ರಿ? ಅವನಿಗೆ ಮುಂಗೋಪ ಮೂಗಿನ ತುದಿಯಲ್ಲಿ, ಹಠ ಹೊಟ್ಟೆತುಂಬ. ಅವನು ಅವಳ ಬಾಟಲಿಗೆ ಬಾಯಿ ಹಾಕಿದ. ಬೆಣ್ಣೆಯಕ್ಕನ ಮನಸ್ಸು ಮೆತ್ತಗೆ, ಕೈ ಮಾತ್ರ ಮಡಿ ಮೈಲಿಗೆಯ ಕಾಲದ ಅವಳ ಅಜ್ಜಿಯ ಕೈ. ಮನಸ್ಸನ್ನು ಕೇಳಿದರೆ ಕೈ ಉತ್ತರ ಕೊಡುತ್ತದೆಯೇ? ಇದನ್ನೆಲ್ಲ ಮೇಡಂಗೆ ಹೇಳಬೇಕಿತ್ತು ಎಂದು ಅವಳಿಗೆ ಹೊಳೆದದ್ದು ಹೊಲಿಗೆ ಕೋಣೆಯ ಮೆಟ್ಟಿಲು ಇಳಿದ ಮೇಲೆ.

ತೀರ್ಮಾನವನ್ನು ಮೇಸ್ತ್ರಿಯೇ ತಂದು ಹೇಳಿದ. ನಾಳೆಯಿಂದ ಉದ್ದಕ್ಕ ಆಚೆಗೆ. ಬೆಣ್ಣೆಯಕ್ಕ ಸೂಕ್ಷ್ಮ ಸ್ವಭಾವದವಳಂತೆ, ಹೊಲಸೆಂದರೆ ಅವಳಿಗೆ ತಡೆಯದಂತೆ, ಅವಳು ಈಚೆಯೇ ಇರಬೇಕಂತೆ. ಉದ್ದಕ್ಕನಿಗೆ ಅಸಹ್ಯವೇ ಆಗುವುದಿಲ್ಲವಂತೆ, ಅಪರೂಪದ ತಾಳ್ಮೆಯಂತೆ, ಆಚೆಯ ಕೆಲಸ ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆಯಂತೆ. ಸಂಬಳ ಅದೇ. ಕೆಳಗೆ ಹಾಕಿದ್ದಲ್ಲ, ಹೊಂದಿಸಿದ್ದು ಎಂದು ಹೇಳಬೇಕಂತೆ.

ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. ಬೈಯಲೂ ಇಲ್ಲ. ಅವನು ಬೈಯದಿದ್ದದ್ದು ನೋಡಿ ಉದ್ದಕ್ಕನಿಗೆ ಭಯವಾಯಿತು. ನೀವಾದರೂ ಹೇಳಬಾರದಿತ್ತೇ ಎಂದು ಕೇಳಿದಳು. ಮೇಲಿನವರು ಹೇಳಿದರೆ ಮುಗಿಯಿತು, ನನಗೂ ಮಕ್ಕಳು ಮರಿ ಇವೆ ಎಂದ. ಅವತ್ತು ಕುಡಿದ ಬಾಟಲಿಯ ನೀರಿನ ಋಣ ಅಷ್ಟಕ್ಕೇ ಮುಗಿಯಿತು.

ಸಂಜೆ ಮನೆಯಲ್ಲಿ ಅಮ್ಮ ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ಅಮ್ಮನಿಗೆ ದುಃಖವೂ ಆಗಿತ್ತು, ಒಳಗೊಳಗೇ ಹಗುರವೂ ಆಗಿತ್ತು. ಅದನ್ನು ಮುಚ್ಚಿಡಲು ಅವಳಿಗೆ ಬರುತ್ತಿರಲಿಲ್ಲ. ಹೋಗಲಿ ಬಿಡು, ಅಲ್ಲಿ ಒಬ್ಬಳೇ ಬೇಯುತ್ತಿದ್ದೆ, ಆಚೆ ನಾವೆಲ್ಲ ಇದ್ದೇವೆ, ಕೈಗೆ ಕೈ ಕೊಡುತ್ತೇವೆ ಎಂದಳು. ಉದ್ದಕ್ಕ ಊಟಕ್ಕೆ ಏಳಲಿಲ್ಲ. ಅವಳು ಯೋಚಿಸುತ್ತಿದ್ದದ್ದು ತನ್ನೊಬ್ಬಳ ಬಗ್ಗೆಯೇ ಅಲ್ಲ. ಆಚೆ ಕಡೆ ಇನ್ನೂ ಹೆಂಗಸರಿದ್ದರು, ಮೆಷಿನ್ನಿನ ಗಾಜಿನ ಬಾಗಿಲಲ್ಲಿ ಇಣುಕಿ ಅವಳನ್ನು ನೋಡಿ ಕೈ ಬೀಸುತ್ತಿದ್ದವರು. ತಾನು ಉಳಿದರೆ ನಾಳೆ ಇನ್ನೊಬ್ಬಳನ್ನು ಕರೆಯಬಹುದಿತ್ತು. ತಾನು ಮರಳಿದರೆ, ಒಮ್ಮೆ ಕರೆದು ನೋಡಿದೆವು, ಅವರ ಸ್ವಭಾವಕ್ಕೆ ಹೊಂದಲಿಲ್ಲ ಎಂಬ ಮಾತು ಗೋಡೆಯ ಮೇಲೆ ಇನ್ನೊಂದು ಗೋಡೆಯಾಗುತ್ತದೆ. ಅದನ್ನು ಒಡೆಯಲು ಯಾರ ಎತ್ತರವೂ ಸಾಲದು.

ಮರುದಿನ ಬೆಳಿಗ್ಗೆ ಅವಳು ಈಚೆಗೇ ಹೋದಳು. ತನ್ನ ಮೇಜಿನ ಮುಂದೆ ನಿಂತಳು. ರೋಲರಿನಿಂದ ಬಂದ ಬಿಸಿ ಬೆಡ್‌ಶೀಟು ಎತ್ತಿ, ಎರಡು ಮೂಲೆ ಹಿಡಿದು, ಇನ್ನೆರಡನ್ನು ಬೆಣ್ಣೆಯಕ್ಕನ ಕಡೆ ಚಾಚಿದಳು.

ಬೆಣ್ಣೆಯಕ್ಕ ಮೇಸ್ತ್ರಿಯ ಕಡೆ ನೋಡಿದಳು. ಉದ್ದಕ್ಕ ಹೇಳಿದಳು:

"ಒಂದೇ ಒಂದು ಬೆಡ್‌ಶೀಟು ಅಕ್ಕಾ. ನನ್ನ ಕೈಗೆ ಕೈ ತಾಗೋವರೆಗೂ ಬಿಡಬೇಡ. ಆಮೇಲೆ ಎಲ್ಲಿಗೆ ಕಳಿಸಿದ್ರೂ ಹೋಗ್ತೀನಿ."

ರೋಲರಿನ ಹೆಂಗಸರು ಕೆಲಸ ಬಿಟ್ಟು ಹತ್ತಿರ ಬಂದರು. ಬೆಣ್ಣೆಯಕ್ಕ ನಕ್ಕಳು. ಇದೇನು ಮಹಾ ಎಂದು ಮೂಲೆ ಹಿಡಿದಳು. ಮಡಿಸಿ, ನಡೆದು ಬಂದಳು. ಬಿಟ್ಟಳು. ಮೂಲೆ ನೆಲಕ್ಕೆ ತಾಗಿತು.

"ಅಯ್ಯೋ, ಗಾಬರಿಗೆ" ಎಂದಳು. ಇನ್ನೊಂದು ತೆಗೆದರು. ಈ ಸಲ ಅವಳು ಹಲ್ಲು ಕಚ್ಚಿ ಬಂದಳು. ಬಿಡಬಾರದೆಂದು ಅವಳಿಗೆ ನಿಜವಾಗಿಯೂ ಮನಸ್ಸಿತ್ತು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಉದ್ದಕ್ಕನ ಬೆರಳು ಹತ್ತಿರ ಬಂದದ್ದೇ ಅವಳ ಕೈ ಬಿಸಿ ಮುಟ್ಟಿದ ಹಾಗೆ ಹಿಂದೆ ಹೋಯಿತು. ಬೆಣ್ಣೆಯಕ್ಕ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಅದು ಯಾರದೋ ಕೈ ಎನ್ನುವ ಹಾಗೆ ನೋಡಿಕೊಂಡಳು. ಆಮೇಲೆ ಜೋರಾಗಿ ಅಳಲು ಶುರು ಮಾಡಿದಳು.

ಅಷ್ಟು ಸಾಕಾಯಿತು. ಹೆಂಗಸರೆಲ್ಲ ಬೆಣ್ಣೆಯಕ್ಕನ ಸುತ್ತ ಸೇರಿದರು. ಒಬ್ಬಳು ನೀರು ತಂದಳು. ಒಬ್ಬಳು ಬೆನ್ನು ಸವರಿದಳು. ಪಾಪ, ಒಂದು ಇರುವೆಗೂ ನೋವು ಮಾಡಿದವಳಲ್ಲ, ಅವಳನ್ನು ಹೀಗೆ ನಾಲ್ಕು ಜನರ ಮುಂದೆ ಪರೀಕ್ಷೆ ಮಾಡುವುದೇ, ಎಂಥ ಕಲ್ಲು ಮನಸ್ಸು ನಿನ್ನದು ಎಂದು ಉದ್ದಕ್ಕನಿಗೆ ಹೇಳಿದರು. ಮೇಡಂ ಸರಿಯಾಗಿಯೇ ಹೇಳಿದ್ದರು ಎಂದರು.

ಉದ್ದಕ್ಕ ಒಬ್ಬಳೇ ನಿಂತಿದ್ದಳು. ಅವಳ ಕೈಯಲ್ಲಿ ಎರಡು ಮೂಲೆ, ಉಳಿದ ಬಟ್ಟೆ ನೆಲದ ಮೇಲೆ. ಅವಳ ಹೆಗಲು ನೋಯುತ್ತಿತ್ತು. ಅವಳಿಗೆ ನೀರು ತರುವವರು ಯಾರೂ ಇರಲಿಲ್ಲ.

"ಅವಳು ಅತ್ತಳು, ನೀವೆಲ್ಲ ಓಡಿ ಬಂದ್ರಿ. ನಾನು ಇಷ್ಟು ದಿನ ಬಗ್ಗಿ ಬಗ್ಗಿ ಎತ್ತಿದೆ. ಒಬ್ಬರಾದ್ರೂ ಯಾಕೆ ಅಂತ ಕೇಳಿದ್ರಾ?" ಎಂದಳು. "ನಂಗೂ ಹೊಲಸು ಕಂಡ್ರೆ ಅಸಹ್ಯ ಆಗುತ್ತೆ. ಎಲ್ಲಾರಿಗೂ ಆಗೋ ಹಾಗೇ ಆಗುತ್ತೆ. ನುಂಗ್ಕೊಂಡೆ ನಾನು. ನುಂಗ್ಕೊಂಡಿದ್ದಕ್ಕೆ ಇದು ನಿನ್ನ ಸ್ವಭಾವ ಅಂತೀರ. ನಾನು ಆಚೆ ಹೋಗಲ್ಲ."

ರೋಲರಿನಲ್ಲಿ ಬಟ್ಟೆ ಗುಡ್ಡೆ ಬೀಳುತ್ತಿತ್ತು. ಮೇಸ್ತ್ರಿ ಗೇಟಿನ ಕಾವಲಿನವನಿಗೆ ಫೋನು ಮಾಡಿದ. ಆಮೇಲೆ ಏನೋ ನೆನೆದು, ಆಚೆಯಿಂದ ಅವಳ ಅಮ್ಮನನ್ನು ಕರೆಯಿರಿ, ಅವಳು ಹೇಳಿದರೆ ಕೇಳಬಹುದು ಎಂದ.

ಆಚೆಯವರು ಈಚೆ ಬರಬೇಕಾದರೆ ನಡುವಿನ ಬಚ್ಚಲಲ್ಲಿ ತಲೆಯಿಂದ ಮೀಯಬೇಕು, ಅಲ್ಲಿಟ್ಟ ಒಗೆದ ಬಟ್ಟೆ ಹಾಕಿಕೊಳ್ಳಬೇಕು. ಅಮ್ಮ ಮಿಂದು ಬಂದಳು. ಕೂದಲಿಂದ ನೀರು ಇಳಿಯುತ್ತಿತ್ತು. ಆಯುಷ್ಯವೆಲ್ಲ ದುಡಿದ ಜಾಗದ ಈ ಮಗ್ಗುಲನ್ನು ಅವಳು ನೋಡಿದ್ದು ಅದೇ ಮೊದಲು. ಸುತ್ತ ಬೆಳ್ಳಗೆ ಪೇರಿಸಿದ ಬಟ್ಟೆಗಳ ನಡುವೆ ಯಾವುದಕ್ಕೂ ತಾಗದ ಹಾಗೆ ಮೈ ಕುಗ್ಗಿಸಿ ನಡೆದು ಬಂದಳು.

"ಬಾ ಮಗಳೇ. ನಮಗ್ಯಾಕೆ ಇವರ ಸಹವಾಸ. ಅಲ್ಲಿ ನಾನಿಲ್ವಾ" ಎಂದಳು.

ಉದ್ದಕ್ಕನಿಗೆ ಆ ಮಾತಿಗೇ ಹೆದರಿಕೆ ಇದ್ದದ್ದು. ಬೈದರೆ ಎದುರು ನಿಲ್ಲಬಹುದು, ತಳ್ಳಿದರೆ ತಿರುಗಿ ತಳ್ಳಬಹುದು. ಅಮ್ಮ ಕರೆದರೆ ಕಾಲು ತಾನಾಗಿ ಹೋಗುತ್ತದೆ. ಹೋಗಿಬಿಡಬೇಕು ಎಂದು ಅವಳ ಮೈಯೆಲ್ಲ ಹೇಳಿತು. ಅಮ್ಮನ ಪಕ್ಕ ನಿಂತು ಚೀಲ ಬಿಚ್ಚಬೇಕು, ಹಲ್ಲಿನ ಸೆಟ್ಟಿಗೆ ನಗಬೇಕು, ಸಾಯಬೇಕು.

"ನಾನು ಬರಲ್ಲಮ್ಮ. ನೀನು ಆ ತುದಿ ಹಿಡಿ" ಎಂದಳು.

ಅಮ್ಮ ಮೇಸ್ತ್ರಿಯ ಮುಖ ನೋಡಿದಳು. ಅವನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅವಳು ಬಗ್ಗಿದಳು. ಆಗಷ್ಟೇ ಮಿಂದ ಕೈಯನ್ನು ಉಟ್ಟ ಬಟ್ಟೆಗೆ ಮತ್ತೆ ಮತ್ತೆ ಒರೆಸಿಕೊಂಡು, ಉಗುರಿನ ತುದಿಯಲ್ಲಿ ಎರಡು ಮೂಲೆ ಎತ್ತಿದಳು. ಉದ್ದಕ್ಕೆ ಮಡಿಸಿದರು. ಒಬ್ಬರ ಕಡೆಗೆ ಒಬ್ಬರು ನಡೆದರು. ಬೆರಳು ತಾಗುವ ಮೊದಲು ಅಮ್ಮ ಬಿಟ್ಟಳು.

ಹಿಂದೆ ಯಾರೋ ನಕ್ಕರು. ಹೆತ್ತ ತಾಯಿಯೇ ಬಿಟ್ಟಳಲ್ಲ, ಇನ್ನು ಇದರಲ್ಲಿ ಭೇದ ಎಲ್ಲಿಂದ ಬಂತು ಎಂದು ಒಬ್ಬಳೆಂದಳು. ಬೆಣ್ಣೆಯಕ್ಕನ ಅಳು ನಿಂತಿತು.

"ನನ್ನ ಕೈ ಕೊಳೆ ಮಗಳೇ. ಒಳ್ಳೆ ಬಟ್ಟೆ ಅದು" ಎಂದಳು ಅಮ್ಮ, ಯಾರಿಗೂ ಕೇಳಿಸಬಾರದೆಂಬಂತೆ.

ಬೆಣ್ಣೆಯಕ್ಕನ ಕೈಗೆ ಕಲಿಸಿದವರು ಯಾರೋ ಅವರೇ ಅಮ್ಮನ ಕೈಗೂ ಕಲಿಸಿದ್ದರು. ಆ ಕೈ ಬೇರೆಯವರನ್ನು ಮುಟ್ಟಲು ಹೇಸುತ್ತಿತ್ತು, ಈ ಕೈ ತನಗೆ ತಾನೇ ಹೇಸುತ್ತಿತ್ತು. ಊರಿನ ಹೊಲಸನ್ನೆಲ್ಲ ತೊಳೆದ ಕೈ ಅದು. ತೊಳೆದದ್ದನ್ನು ಮುಟ್ಟಲು ಅದಕ್ಕೆ ಧೈರ್ಯವಿರಲಿಲ್ಲ. ಯಾರ ಕುತ್ತಿಗೆ ಹಿಡಿಯಬೇಕು ಇದಕ್ಕೆ? ಹಿಡಿಯಲು ಒಂದು ಕುತ್ತಿಗೆಯೂ ಎದುರಿಗಿರಲಿಲ್ಲ. ಅಳುವ ಮುಖಗಳು, ಮೆತ್ತನೆಯ ಮುಖಗಳು, ಮಕ್ಕಳು ಮರಿ ಇರುವ ಮುಖಗಳು.

ಅವಳು ಬಿದ್ದ ಮೂಲೆ ಎತ್ತಿದಳು. ಕೆಂಪು ಚೀಲಕ್ಕೆ ಹಾಕಲಿಲ್ಲ. ಅಮ್ಮನ ಹತ್ತಿರ ಹೋಗಿ ಅವಳ ಅಂಗೈ ಬಿಡಿಸಿ, ಮೂಲೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಹಿಂದಕ್ಕೆ ನಡೆದು ತನ್ನ ತುದಿ ಹಿಡಿದಳು.

"ಹಿಡಿಯಮ್ಮ."

ಅಮ್ಮ ಬಂದಳು. ಬಿಟ್ಟಳು.

"ಇನ್ನೊಂದ್ಸಲ."

ಬಾಗಿಲ ಹತ್ತಿರ ಬೂಟಿನ ಸದ್ದಾಯಿತು. ಗೇಟಿನ ಕಾವಲಿನವನು ಬಂದಿದ್ದ. ಯಾರು ಎಂದು ಕೇಳಿದ. ಮೇಸ್ತ್ರಿ ಬಾಯಿಬಿಡದೆ ಗಲ್ಲದಲ್ಲಿ ತೋರಿಸಿದ. ಅಮ್ಮ ಬಾಗಿಲ ಕಡೆ ತಿರುಗಿದಳು.

"ಅಲ್ಲಿ ನೋಡಬೇಡ. ನನ್ನ ನೋಡು" ಎಂದಳು ಉದ್ದಕ್ಕ. "ನೀನು ಬಿಟ್ರೆ ನಮ್ಮಿಬ್ಬರಿಗೂ ಆಚೇನೇ ಗತಿ."

ಅಮ್ಮ ಬಟ್ಟೆಯನ್ನು ನೋಡಲಿಲ್ಲ, ತನ್ನ ಕೈಯನ್ನೂ ನೋಡಲಿಲ್ಲ. ಮಗಳ ಮುಖ ನೋಡುತ್ತ ಹೆಜ್ಜೆ ಹಾಕಿದಳು. ಬೂಟು ಹತ್ತಿರ ಬಂತು. ಬಿರಿದ ಬೆರಳು ಬಂದು ಉದ್ದಕ್ಕನ ಬೆರಳಿಗೆ ತಾಗಿತು.

ಕಾವಲಿನವನು ಉದ್ದಕ್ಕನ ರಟ್ಟೆಗೆ ಕೈ ಹಾಕಿ ಎಳೆದ. ಅಮ್ಮ ಬಿಡಲಿಲ್ಲ.